ಒಂಬತ್ತು ಗ್ರಾಂ, ಹನ್ನೆರಡು ಮುಕ್ಕಾಲು ಗ್ರಾಂ

ಪೋಡ್‌ಗೋರ
9 ಸೆಪ್ಟೆಂಬರ್ 1984

ಡಾಕ್ಟರ್ ಲುಡ್ವಿಕ್ ಅವರಿಗೆ,

ಕೈಬರಹ ಗುರುತು ಹಿಡಿದೂ ಈ ಲಕೋಟೆಯನ್ನು ಒಲೆಗೆ ಹಾಕದೆ ಒಡೆದಿದ್ದರೆ, ಮೊದಲು ಅದಕ್ಕೆ ನನ್ನ ಕೃತಜ್ಞತೆ. ಹತ್ತು ವರ್ಷದಿಂದ ನಮ್ಮ ಮನೆಯಿಂದ ನಿಮ್ಮ ಮನೆಗೆ ಒಂದು ಸಾಲೂ ಬಂದಿಲ್ಲ. ರಾಡೋ ತೀರಿಕೊಂಡಾಗ ನೀವು ಕಳಿಸಿದ ಫರ್ ಮರದ ಸೊಪ್ಪಿನ ಮಾಲೆ ಅವರ ಪೆಟ್ಟಿಗೆಯ ಮೇಲೆ ಕಾಲಿನ ಕಡೆ ಇತ್ತು. ಇಟ್ಟವಳು ನಾನೇ. ನಿಮಗೂ ಅವರಿಗೂ ಏನಾಯಿತೆಂದು ಅವರು ಕೊನೆಯವರೆಗೂ ಹೇಳಲಿಲ್ಲ. ಕೇಳಿದಾಗಲೆಲ್ಲ "ಆ ಮನುಷ್ಯ, ಅವನ ನಾಯಿ" ಎಂದಷ್ಟೇ ಹೇಳಿ ಪತ್ರಿಕೆ ಬಿಡಿಸುತ್ತಿದ್ದರು.

ಈಗ ನಾನು ಬರೆಯುತ್ತಿರುವುದು ಬೇರೆ ಕಾರಣಕ್ಕೆ. ಹೋದ ವರ್ಷ ನಮ್ಮ ಊರಿನ ಬೇಟೆ ಸಂಘಕ್ಕೆ ಉಮೇದುವಾರಳಾಗಿ ಸೇರಿದೆ. ಜೂನ್‌ನಲ್ಲಿ ಪರೀಕ್ಷೆ ಪಾಸಾಯಿತು. ಉಳಿದಿರುವುದು ಮೊದಲ ಬೇಟೆ, ಅದಾದ ಮೇಲೆ ದೀಕ್ಷೆ. ಹುಸಿ ನ್ಯಾಯಾಲಯದ ಮುಂದೆ ನಿಂತು ಹೇಝಲ್ ಕೋಲಿನ ಮೂರು ಏಟು ತಿನ್ನುವ ತನಕ ಇಲ್ಲಿ ಯಾರನ್ನೂ ಬೇಟೆಗಾರ ಅನ್ನುವುದಿಲ್ಲ. ಅಲ್ಲಿಯವರೆಗೆ ನಾನು ಸಂಘದ ಗುಡಿಸಲಿನಲ್ಲಿ ಹುಳಿ ಎಲೆಕೋಸು ಬಡಿಸುವ ರಾಡೋನ ವಿಧವೆ. ನನಗೆ ಆ ಮೂರು ಏಟು ಬೇಕು. ಈ ವರ್ಷ ನನ್ನ ಪಾಲಿಗೆ ಒಂದು ಹೆಣ್ಣು ಕಿರುಜಿಂಕೆ ಬಂದಿದೆ. ಡಿಸೆಂಬರ್ ಕೊನೆಗೆ ಅವಧಿ ಮುಗಿಯುತ್ತದೆ. ಅಷ್ಟರೊಳಗೆ ಆಗದಿದ್ದರೆ ಉಮೇದುವಾರಿಕೆ ಮುಂದುವರಿಸಲು ಸಮಿತಿಯ ಒಪ್ಪಿಗೆ ಬೇಕು. ಅದು ಸಿಗುವುದಿಲ್ಲ.

ಹೋದ ಭಾನುವಾರದ ಸಭೆಯಲ್ಲಿ ನಡೆದದ್ದು ಕೇಳಿ. ಅಧ್ಯಕ್ಷ ಸಿಲ್ವೋ, ಹಾಲಿನ ಕಾರ್ಖಾನೆಯ ಮ್ಯಾನೇಜರ್, ಎದ್ದು ನಿಂತು ಒಂದು ಡಬ್ಬಿ ತೋಟಾ ನನ್ನ ಮುಂದಿಟ್ಟ. ಮೇಲೆ ನೀಲಿ ರಿಬ್ಬನ್ ಬೇರೆ.

"ಕಾಮ್ರೇಡ್ ಹೆರ್ಮಿನಾ, ಸಂಘದ ಕಡೆಯಿಂದ ನಿಮ್ಗೆ ಕಾಣಿಕೆ. ಒಂಬತ್ತು ಗ್ರಾಂ ಗುಂಡು. ರಾಡೋನ ಹನ್ನೆರಡು ಮುಕ್ಕಾಲು ಗ್ರಾಂನದ್ದು ನಿಮ್ಗೆ ಬೇಡ. ಅದು ಗಂಡಸ್ರ ಗುಂಡು, ಕತ್ತೆ ಒದ್ದ ಹಾಗೆ ಒದಿಯುತ್ತೆ."

"ನನ್ನ ಭುಜ ಎಷ್ಟು ತಡಿಯುತ್ತೆ ಅಂತ ನಿನಗೆ ಯಾರು ಹೇಳಿದ್ದು?" ಅಂದೆ.

"ಅಯ್ಯೋ, ಕಾಳಜಿಯಿಂದ ಹೇಳ್ದೆ. ಬೇಕಾದ್ರೆ ಮತಕ್ಕೆ ಹಾಕೋಣ."

ಹಾಕಿಯೇ ಬಿಟ್ಟರು! ನನ್ನ ಭುಜದ ಬಗ್ಗೆ ಇಪ್ಪತ್ತು ಗಂಡಸರು ಕೈ ಎತ್ತಿದರು. ವಿರೋಧ ನನ್ನದೊಂದೇ. ಇದೇ ಊರಿನ ಸಭೆ ಐವತ್ತೊಂದರಲ್ಲಿ ಚರ್ಚಿನ ಗಂಟೆಗೋಪುರ ವಾಲಿಲ್ಲ ಎಂದು ಬಹುಮತದಿಂದ ತೀರ್ಮಾನಿಸಿತ್ತು, ನಿಮಗೆ ನೆನಪಿರಬೇಕು. ಮುಂದಿನ ವಸಂತದಲ್ಲಿ ಗೋಪುರ ಬಿತ್ತು. ನಲವತ್ತಮೂರರಲ್ಲಿ, ಹದಿನೇಳು ತುಂಬಿದ ನಾನು ಇದೇ ಭುಜದ ಮೇಲೆ, ಯುದ್ಧದಲ್ಲಿ ಕಾಡಿನಿಂದ ಹೋರಾಡುತ್ತಿದ್ದ ಪಾರ್ಟಿಸಾನರಿಗೆ ತೋಟಾ ಪೆಟ್ಟಿಗೆ ಹೊತ್ತು, ನಮ್ಮ ಊರಿಗೂ ನಿಮ್ಮ ಊರಿಗೂ ನಡುವಿನ ಬೆಟ್ಟದ ಏಣು ಹತ್ತಿದ್ದೇನೆ. ಆಗ ಯಾರೂ ತೂಕ ಕೇಳಿರಲಿಲ್ಲ. ಸಿಲ್ವೋ ಆಗ ಹುಟ್ಟಿಯೂ ಇರಲಿಲ್ಲ.

ಮೂವತ್ತು ವರ್ಷ ಊರಿನ ಗ್ರಂಥಾಲಯ ನಡೆಸಿದವಳಾಗಿ ನಾನು ಮೊದಲು ಮಾಡುವ ಕೆಲಸ ಮಾಡಿದೆ, ಪುಸ್ತಕ ತೆರೆದೆ. ಒಂದೊಂದು ಒಂದೊಂದು ಹೇಳುತ್ತದೆ. ಈ ಸುತ್ತಮುತ್ತ ತೋಟಾವನ್ನು ಕೈಯಾರೆ ತುಂಬುವವರು, ಹೊಡೆದ ಪ್ರಾಣಿಯನ್ನು ಕುಯ್ದು ಒಳಗೆ ಗುಂಡು ಏನು ಮಾಡಿದೆಯೆಂದು ನೋಡಿದ ಪಶುವೈದ್ಯರು ನೀವೊಬ್ಬರೇ. ರಾಡೋನ ಎಂಟು ಮಿಲಿಮೀಟರ್ ರೈಫಲ್‌ಗೆ ಯಾವ ತೂಕ ಹಾಕಲಿ?

ಉತ್ತರಿಸಲೇಬೇಕೆಂದಿಲ್ಲ. ಉತ್ತರಿಸಿದರೆ ಋಣಿ.

ಹೆರ್ಮಿನಾ

*

ರೆಬೆರ್
20 ಸೆಪ್ಟೆಂಬರ್ 1984

ಹೆರ್ಮಿನಾ ಅವರಿಗೆ,

ಮಾಲೆ ಕಾಲಿನ ಕಡೆಯಾದರೂ ಇತ್ತೆಂದು ತಿಳಿದು ಸಮಾಧಾನವಾಯಿತು. ಇಡುವುದೇ ಇಲ್ಲ ಅಂದುಕೊಂಡಿದ್ದೆ.

ಗುಂಡಿನ ತೂಕವನ್ನು ಭುಜ ನೋಡಿ ಆರಿಸುವುದಿಲ್ಲ. ಎದುರಿಗೆ ನಿಂತ ಪ್ರಾಣಿ ನೋಡಿ ಆರಿಸುತ್ತಾರೆ. ಸಿಲ್ವೋ ಹೇಳಿದ ಕಾರಣ ಮೂರ್ಖತನದ್ದು. ಅವನು ಕೊಟ್ಟ ಡಬ್ಬಿ ಮಾತ್ರ ಮೂರ್ಖತನದ್ದಲ್ಲ.

ಹನ್ನೆರಡು ಮುಕ್ಕಾಲು ಗ್ರಾಂ ಗುಂಡು ನಿಧಾನಿ, ಗಟ್ಟಿ ಕವಚದ್ದು. ಎದುರಿಗೆ ಮೂಳೆ, ದಪ್ಪ ಚರ್ಮ, ಮಾಂಸ ಸಿಕ್ಕಿದರೆ ಮಾತ್ರ ಅದರ ಮೂತಿ ಅರಳುತ್ತದೆ. ಕಾಡುಹಂದಿಗೆ, ದೊಡ್ಡ ಸಾರಂಗಕ್ಕೆ ಅದೇ ಸರಿ. ಹಂದಿಯ ಹೆಗಲಿಗೆ ಒಂಬತ್ತು ಗ್ರಾಂನದ್ದು ಹೊಡೆದರೆ ಅದು ಮೇಲೆಯೇ ಪುಡಿಯಾಗಿ ಹಂದಿ ವಾರಗಟ್ಟಲೆ ಕೊಳೆತು ಸಾಯುತ್ತದೆ. ಅಂಥದ್ದನ್ನು ಕುಯ್ದಿದ್ದೇನೆ. ಆದರೆ ಕಿರುಜಿಂಕೆ ಎಂದರೆ ಏನು? ನಮ್ಮ ನಾಯಿ ಬಿಸ್ಟ್ರಾಗಿಂತ ತುಸು ದೊಡ್ಡದು, ಅಷ್ಟೇ. ಪಕ್ಕೆಲುಬಿನ ನಡುವೆ ಭಾರದ ಗುಂಡು ಅರಳದೆ ದಾಟಿಹೋಗುತ್ತದೆ, ಸೂಜಿ ಬಟ್ಟೆ ದಾಟಿದ ಹಾಗೆ. ಹಗುರದ್ದು ಅಲ್ಲೇ ಅರಳಿ ಅಲ್ಲೇ ಕೆಡವುತ್ತದೆ. ಹೆಗಲಿಗೆ ಹೊಡೆದರೆ ಮಾಂಸ ಹಣ್ಣಿನ ಜಾಮಿನಂತೆ ನುಜ್ಜಾಗುತ್ತದೆ, ಆದ್ದರಿಂದ ಹೆಗಲ ಹಿಂದಕ್ಕೆ ಹೊಡೆಯಿರಿ.

ಒಂದು ಮಾತು. ತೂಕ ಬದಲಾದರೆ ಗುಂಡು ಬೀಳುವ ಜಾಗವೂ ಬದಲಾಗುತ್ತದೆ. ಆ ರೈಫಲ್ ನನಗೆ ಗೊತ್ತು, ಭಾರದ್ದಕ್ಕೆ ಗುರಿ ಕಟ್ಟಿದ್ದು. ಹಗುರದ್ದು ಹಾಕುವ ಮುಂಚೆ ಕಾಗದದ ಮೇಲೆ ಹೊಡೆದು ದುರ್ಬೀನು ತಿದ್ದಿಕೊಳ್ಳಿ.

ಲುಡ್ವಿಕ್

*

ಪೋಡ್‌ಗೋರ
7 ಅಕ್ಟೋಬರ್ 1984

ಲುಡ್ವಿಕ್ ಅವರೇ,

ನಿಮ್ಮ ಪತ್ರವನ್ನು ಮತ್ತೆ ಮತ್ತೆ ಓದಿದೆ. ಸುತ್ತುಬಳಸಿಲ್ಲದೆ ಒಬ್ಬರು ನನಗೆ ವಿಷಯ ಹೇಳಿ ಎಷ್ಟು ಕಾಲವಾಯಿತೋ. ತುಂಬ ಉಪಕಾರವಾಯಿತು.

ಆದರೂ ನಾನು ಭಾರದ ಗುಂಡನ್ನೇ ಹಾಕುತ್ತೇನೆ. ಬೈಯಬೇಡಿ, ಕೇಳಿ.

ಹೋದ ಶನಿವಾರ ಎರಡೂ ತೂಕದ ತೋಟಾ ತೆಗೆದುಕೊಂಡು ಗುರಿ ಮೈದಾನಕ್ಕೆ ಹೋದೆ. ಕಾಡು ಕಾಯುವ ಬೋಲ್ತೆ ಜೊತೆಗಿದ್ದ. ಅವನೇ ನನ್ನ ಗುರು, ನನಗಿಂತ ಇಪ್ಪತ್ತು ವರ್ಷ ಚಿಕ್ಕವನು. ಒಳ್ಳೆಯ ಹುಡುಗ, ಸಿಲ್ವೋ ಎದುರಿಗೆ ಮಾತ್ರ ಬಾಯಿ ಇಲ್ಲ. ಹಗುರದ ಡಬ್ಬಿ ತೆರೆಯುವ ಹೊತ್ತಿಗೆ ಸಿಲ್ವೋ ತನ್ನ ಪಟಾಲಂ ಜೊತೆ ಬಂದು ಬೇಲಿಗೆ ಆತುಕೊಂಡ.

"ಹಾಂ, ಈಗ ಬುದ್ಧಿ ಬಂತು," ಅಂದ. "ನೋಡ್ರಪ್ಪ, ಕಾಣಿಕೆ ತಗೊಂಡ್ರು."

ಲುಡ್ವಿಕ್ ಅವರೇ, ಡಬ್ಬಿ ಮುಚ್ಚಿ ಚೀಲದಲ್ಲಿಟ್ಟೆ. ರಾಡೋನ ಭಾರದ ತೋಟಾ ತುಂಬಿದೆ. ಐದು ಸಲ ಹೊಡೆದೆ. ಐದೂ ಒಂದು ಅಂಗೈಯಗಲದೊಳಗೆ. ಇಳಿದು ಬಂದಾಗ ಎಡಗೈಯಲ್ಲಿ ಬಲಗೈ ಹಿಡಿದುಕೊಂಡಿದ್ದೆ, ನಿಜ.

"ಏನು ಕಾಮ್ರೇಡ್ ಹೆರ್ಮಿನಾ, ಬಂದೂಕು ಮುದ್ದು ಮಾಡ್ತಾ?" ಅಂದ ಸಿಲ್ವೋ.

"ಮಾಡ್ತು. ಮನೇಲಿ ಹೇಳ್ಬೇಡ, ನಿನ್ನ ಹೆಂಡ್ತಿಗೆ ಹೊಟ್ಟೆಕಿಚ್ಚಾಗುತ್ತೆ."

ಬೇಲಿ ಅಲ್ಲಾಡುವ ಹಾಗೆ ನಕ್ಕರು. ಭುಜ ಈಗ ಪ್ಲಮ್ ಹಣ್ಣಿನ ಬಣ್ಣಕ್ಕೆ ತಿರುಗಿದೆ. ಕೋಟು ಹಾಕಿಕೊಳ್ಳಲು ಪಕ್ಕದ ಮನೆಯವಳನ್ನು ಕರೆಯುತ್ತೇನೆ. ಇರಲಿ. ಅವರು ರಿಬ್ಬನ್ ಕಟ್ಟಿ ಕೊಟ್ಟ ತೂಕದಿಂದ ನಾನು ಬೇಟೆಯಾಡಿದರೆ, ಮುಂದೆ ಪ್ರತಿ ಭಾನುವಾರ ಆ ಗುಡಿಸಲಿನಲ್ಲಿ ಅದನ್ನೇ ಕೇಳಬೇಕು. ಜಿಂಕೆ ಹತ್ತಿರದಲ್ಲಿ ನಿಂತಿರುತ್ತದೆ, ನನ್ನ ಗುರಿ ಸರಿಯಿದೆ, ಗುಂಡು ದಾಟಿಹೋದರೂ ಸಾಯುವುದು ಸಾಯುವುದೇ ಅಲ್ಲವೇ?

ಮತ್ತೆ, ಕೇಳಬಾರದೇನೋ. ನಿಮಗೂ ರಾಡೋಗೂ ಏನಾಗಿತ್ತು? ರೈಫಲ್ ಗೊತ್ತು ಎಂದು ಬರೆದಿದ್ದೀರಿ. ಅದು ಹೇಗೆ?

ವಿಶ್ವಾಸದಿಂದ,
ಹೆರ್ಮಿನಾ

*

ರೆಬೆರ್
16 ಅಕ್ಟೋಬರ್ 1984

ಹೆರ್ಮಿನಾ ಅವರಿಗೆ,

ನೀವು ಆ ತೂಕ ಆರಿಸಿದ್ದು ಕಿರುಜಿಂಕೆಗಲ್ಲ, ಸಿಲ್ವೋಗೆ. ಅವನು ಹುಲ್ಲುಗಾವಲಿನ ಅಂಚಿಗೆ ಮೇಯಲು ಬರುವುದಿಲ್ಲ.

ಇದಕ್ಕಿಂತ ಹೆಚ್ಚು ಬೈಯುವುದಿಲ್ಲ. ಗುಂಡು ನಿಮ್ಮದು. ಆದರೆ ಭಾರದ್ದೇ ಹಾಕುವುದಾದರೆ ಇದನ್ನು ಬಾಯಿಪಾಠ ಮಾಡಿ: ಹೊಡೆದ ಮೇಲೆ ಪ್ರಾಣಿ ಏನೂ ಆಗಿಲ್ಲವೆಂಬಂತೆ ಓಡಬಹುದು. ರಕ್ತ ಇರುವುದಿಲ್ಲ. ನೋಡಿದವರು ತಪ್ಪಿತು ಎನ್ನುತ್ತಾರೆ. ನಂಬಬೇಡಿ. ಅದು ನಿಂತಿದ್ದ ಜಾಗದಲ್ಲಿ ಕೊಂಬೆ ಮುರಿದು ನೆಟ್ಟು ಗುರುತು ಮಾಡಿ, ಯಾರನ್ನೂ ತುಳಿಯಲು ಬಿಡಬೇಡಿ, ಜಾಡು ಹಿಡಿಯುವ ನಾಯಿ ತರಿಸಿ. ತಪ್ಪಿದ್ದೇ ಆದರೆ ನಾಯಿಗೆ ಒಂದು ನಡಿಗೆ ಆಯಿತು, ಅಷ್ಟೇ. ತಪ್ಪಿರದಿದ್ದರೆ?

ಭುಜಕ್ಕೆ ಆರ್ನಿಕಾ ಅದ್ದಿದ ಬಟ್ಟೆ ಕಟ್ಟಿ. ಕುದುರೆಗಳಿಗೆ ನಾನು ಅದನ್ನೇ ಹೇಳುತ್ತಿದ್ದೆ.

ಇನ್ನೊಂದು ಪ್ರಶ್ನೆ ಕೇಳಿದ್ದೀರಿ. ಓದಿದೆ.

ಲುಡ್ವಿಕ್

*

ಪೋಡ್‌ಗೋರ
26 ನವೆಂಬರ್ 1984

ಪ್ರಿಯ ಲುಡ್ವಿಕ್,

ಶನಿವಾರ ನೀವು ಬಂದಿರಿ, ಹೋದಿರಿ. ನಾನು ಸರಿಯಾಗಿ ಒಂದು ಕೃತಜ್ಞತೆಯನ್ನೂ ಹೇಳಲಿಲ್ಲ. ನಿಮ್ಮ ಬಾಗಿಲು ತಟ್ಟುವ ಮುಂಚೆ ಏನು ನಡೆಯಿತೆಂದು ದಾರಿಯುದ್ದಕ್ಕೂ ನೀವು ಕೇಳಲೂ ಇಲ್ಲ. ಅದನ್ನು ಹೇಳುವುದು ನನ್ನ ಸಾಲ.

ಬೆಳಕು ಹರಿಯುವ ಹೊತ್ತಿಗೆ ಬೋಲ್ತೆಯೂ ನಾನೂ ಹುಲ್ಲುಗಾವಲಿನ ಅಟ್ಟಣೆಯ ಮೇಲಿದ್ದೆವು. ಇಬ್ಬನಿ ಹೆಪ್ಪುಗಟ್ಟಿ ಹುಲ್ಲೆಲ್ಲ ಬೆಳ್ಳಗಾಗಿತ್ತು. ಒಂಟಿ ಹೆಣ್ಣು ಬಂತು, ಮರಿಯಿಲ್ಲದ ಮುದಿಯದು. ನನಗೆ ಗೊತ್ತುಮಾಡಿದ್ದು ಅಂಥದ್ದೇ. ಹತ್ತಿರ ಬಂದು ಮಗ್ಗುಲು ಕೊಟ್ಟು ನಿಂತಿತು. ಹೆಗಲ ಹಿಂದೆ ಗುರಿ ಹಿಡಿದು ಬಂದೂಕಿನ ಕುದುರೆ ಎಳೆದೆ. ಅದು ಯಾರೋ ಹೆಸರು ಹಿಡಿದು ಕರೆದ ಹಾಗೆ ತಲೆ ಎತ್ತಿತು. ಆಮೇಲೆ ಎರಡು ಜಿಗಿತ ಜಿಗಿದು ಬೀಚ್ ಮರಗಳೊಳಗೆ ಹೋಯಿತು.

"ತಪ್ಪಿತು ಹೆರ್ಮಿನಕ್ಕ," ಅಂದ ಬೋಲ್ತೆ.

"ತಪ್ಪಿಲ್ಲ."

"ಬೆನ್ನು ಬಾಗ್ಲಿಲ್ಲ, ಕಾಲು ಎಳೀಲಿಲ್ಲ. ನಾನು ನೋಡ್ದೆ ಅಲ್ವಾ?"

ಇಳಿದು ಹೋದೆವು. ರಕ್ತ ಇಲ್ಲ. ಮೂರ್ನಾಲ್ಕು ತುಂಡು ಕೂದಲು ಹುಲ್ಲಿನ ಮೇಲಿತ್ತು. ತೋರಿಸಿದೆ.

"ಜಿಂಕೆ ಓಡಾಡೋ ಜಾಗದಲ್ಲಿ ಕೂದಲು ಇರೋದೇ. ಚರ್ಚಲ್ಲಿ ಮೇಣ ಬಿದ್ದಿರಲ್ವಾ, ಹಾಗೆ. ಬನ್ನಿ, ಚಳಿ."

ಕೊಂಬೆ ಮುರಿದು ನೆಟ್ಟೆ. ಗುಡಿಸಲಿಗೆ ಬಂದು ನಾಯಿ ಬೇಕು ಅಂದೆ. ಸಿಲ್ವೋ ಸಾಸೇಜು ತಿನ್ನುತ್ತಿದ್ದ. "ನಮ್ಮ ನಾಯಿಯವನು ತಂಗಿ ಮದ್ವೆಗೆ ಹೋಗಿದಾನೆ," ಅಂದ. "ತಪ್ಪಿದ ಗುಂಡಿಗೆ ನಾಯಿ ಯಾಕೆ ಕಾಮ್ರೇಡ್? ಬೋಲ್ತೆ ನೋಡಿದಾನಲ್ಲ. ಬೇಜಾರು ಮಾಡ್ಕೋಬೇಡಿ, ಎಲೆಕೋಸು ಬಿಸಿ ಇದೆ." ಸುತ್ತಲೂ ಇದ್ದವರು ತುಂಬ ಒಳ್ಳೆಯವರಾಗಿಬಿಟ್ಟಿದ್ದರು. ಒಬ್ಬ ಕುರ್ಚಿ ಎಳೆದ, ಒಬ್ಬ ಪ್ಲಮ್ ಸಾರಾಯಿ ಬಗ್ಗಿಸಿದ. ಅವರು ನಕ್ಕಿದ್ದರೆ ನಾನು ಅಲ್ಲೇ ಕುಳಿತು ಜಗಳವಾಡುತ್ತಿದ್ದೆನೇನೋ. ಆ ಒಳ್ಳೆಯತನ ನೋಡಿ ಮೈ ಉರಿಯಿತು. ಆದರೆ ಆ ಉರಿಯ ನಡುವೆ ಒಂದು ಯೋಚನೆ ತಣ್ಣಗೆ ಬಂದು ಕುಳಿತಿತು: ಅದು ಎಲ್ಲೋ ಮಲಗಿದೆ, ಇನ್ನೂ ಉಸಿರಿರಬಹುದು, ನಾನು ಇಲ್ಲಿ ಸಿಲ್ವೋನ ಮುಖ ನೋಡುತ್ತ ಕುಳಿತಿದ್ದೇನೆ.

ರೈಫಲ್ ಅಲ್ಲೇ ಬೀಗದೊಳಗಿಟ್ಟು ಏಣು ಹತ್ತಿದೆ. ಎರಡು ಸಂಘಗಳ ಕಾಡನ್ನು ಬೇರ್ಪಡಿಸುವ ಗಡಿಕಲ್ಲಿನ ಹತ್ತಿರ ನಿಲ್ಲಲಿಲ್ಲ. ನಿಂತಿದ್ದರೆ ವಾಪಸ್ ಬರುತ್ತಿದ್ದೆ. ನೀವು ಬಾಗಿಲು ತೆರೆದಾಗ ಅರ್ಧ ಮುಖಕ್ಕೆ ಸೋಪಿನ ನೊರೆ ಇತ್ತು.

"ಹೊಡೆದಿದೀನಿ ಅನ್ಸುತ್ತೆ," ಅಂದೆ. "ಎಲ್ರೂ ತಪ್ಪಿತು ಅಂತಾರೆ."

ನೀವು ಟವೆಲ್ಲಿನಿಂದ ನೊರೆ ಒರೆಸಿ, ಬಿಸ್ಟ್ರಾಳ ಉದ್ದದ ಹಗ್ಗ ಮೊಳೆಯಿಂದ ತೆಗೆದಿರಿ. ಅಷ್ಟೇ. ಒಂದು ಪ್ರಶ್ನೆ ಇಲ್ಲ. ಒಂದು ಕೆನ್ನೆ ಬೋಳಿಸಿದ್ದು, ಒಂದು ಕೆನ್ನೆ ಹಾಗೇ. ಹತ್ತು ವರ್ಷ ದಾಟದ ಏಣನ್ನು ಆ ಮುಖದಲ್ಲಿ ದಾಟಿ ಬಂದಿರಿ.

ಸಿಲ್ವೋ ದಾರಿಗೆ ಅಡ್ಡ ನಿಂತು, "ಡಾಕ್ಟ್ರೇ, ಪಕ್ಕದ ಸಂಘದ ನಾಯಿ ನಮ್ಮ ಕಾಡಿಗೆ ಬರ್ಬೇಕಾದ್ರೆ ಸಮಿತಿಯ ಲಿಖಿತ ಒಪ್ಪಿಗೆ ಬೇಕು" ಅಂದಾಗ ನೀವು, "ಇವಳಿಗೆ ಓದಕ್ಕೆ ಬರಲ್ಲ, ಸಿಲ್ವೋ" ಎಂದು ನಡೆದುಬಿಟ್ಟಿರಲ್ಲ, ಅದು ಈಗ ಊರೆಲ್ಲ ಓಡಾಡುತ್ತಿದೆ. ಬೇಕರಿಯವಳು ನನಗೇ ಹೇಳಿದಳು, ನಾನು ಅಲ್ಲಿರಲಿಲ್ಲವೆಂಬಂತೆ.

ಉಳಿದದ್ದು ನಿಮಗೆ ಗೊತ್ತು. ಬಿಸ್ಟ್ರಾ ಕೊಂಬೆ ನೆಟ್ಟಲ್ಲಿ ಮೂಗಿಟ್ಟು ನಿಂತದ್ದು, ಕಾಡಿನೊಳಗೆ ಬಹಳ ದೂರ ಹೋದ ಮೇಲೆ ಜರೀಗಿಡದ ಎಲೆಯ ಅಡಿಯಲ್ಲಿ ಮೊದಲ ಹನಿ ಕಂಡದ್ದು, ಉರುಳಿದ ಮರದ ಆಚೆ ಅದು ಮಲಗಿದ್ದು. ತಣ್ಣಗಾಗಿತ್ತು. ಒಳಗೆ ಹೋದ ತೂತು ಕಿರುಬೆರಳಷ್ಟು, ಹೊರಗೆ ಬಂದದ್ದೂ ಅಷ್ಟೇ. ನೀವು ಹೇಳಿದ್ದಿರಿ, ಸೂಜಿ ಎಂದು.

ಸತ್ತ ಪ್ರಾಣಿಗೆ ಬೇಟೆಗಾರರು ಸಲ್ಲಿಸುವ ಗೌರವದಂತೆ ಅದರ ಬಾಯಿಗೆ ಫರ್ ಚಿಗುರಿನ ಕೊನೆಯ ತುತ್ತು ಇಡಲು ನನ್ನ ಕೈಗೇ ಕೊಟ್ಟಿರಿ. ನನಗೆ ತಕ್ಷಣ ಆಗಲಿಲ್ಲ. ನೀವು ಮುಖ ತಿರುಗಿಸಿ ನಾಯಿಯ ಜೊತೆ ಏನೋ ಮಾತಾಡುತ್ತ ನಿಂತಿರಿ. ಎಲ್ಲಕ್ಕಿಂತ ಹೆಚ್ಚಾಗಿ ಅದಕ್ಕೆ ಕೃತಜ್ಞಳು.

ಯಕೃತ್ತು ಹೊಡೆದವರ ಪಾಲು. ಈರುಳ್ಳಿ ಹಾಕಿ ಹುರಿದೆ, ಅರ್ಧ ನಿಮಗೆ, ಅರ್ಧ ಬಿಸ್ಟ್ರಾಗೆ. ಹಾಲಿನ ಬಂಡಿಯವನ ಕೈಯಲ್ಲಿ ಕಳಿಸಿದ್ದೇನೆ. ಪಾತ್ರೆ ವಾಪಸ್ ಕೊಡುವ ಅವಸರವಿಲ್ಲ.

ನಿಮ್ಮ
ಹೆರ್ಮಿನಾ

*

ರೆಬೆರ್
2 ಡಿಸೆಂಬರ್ 1984

ಪ್ರಿಯ ಹೆರ್ಮಿನಾ,

ಬಿಸ್ಟ್ರಾ ತನ್ನ ಅರ್ಧ ತಿಂದು ನನ್ನ ಅರ್ಧವನ್ನು ನೋಡುತ್ತ ಕುಳಿತಳು. ಆದ್ದರಿಂದ ಅವಳು ಮುಕ್ಕಾಲು ತಿಂದಳು. ಈರುಳ್ಳಿ ನಾಯಿಗೆ ಕೊಡಬಾರದು. ಅದನ್ನು ಆರಿಸಿ ನಾನು ತಿಂದೆ. ರುಚಿಯಾಗಿತ್ತು.

ನಿಮ್ಮ ಪ್ರಶ್ನೆಗೆ ಉತ್ತರ ಬಾಕಿಯಿತ್ತು. ಎಪ್ಪತ್ತನಾಲ್ಕರ ಅಕ್ಟೋಬರ್‌ನಲ್ಲಿ ರಾಡೋ ಏಣಿನ ಬಳಿ ಒಂದು ದೊಡ್ಡ ಸಾರಂಗಕ್ಕೆ ಗುಂಡು ಹೊಡೆದ. ಅದು ನಮ್ಮ ಕಡೆ ದಾಟಿತು. ಸದ್ದು ಕೇಳಿ ನಾಯಿ ಹಿಡಿದು ಹೋದೆ. ಆಗ ಇದ್ದದ್ದು ಬಿಸ್ಟ್ರಾಳ ಅಮ್ಮ. ರಾಡೋ ಗಡಿಕಲ್ಲಿನ ಮೇಲೆ ಕುಳಿತಿದ್ದ. "ತಪ್ಪಿತು, ಮನೆಗೆ ಹೋಗು" ಅಂದ. ಒಂದು ಸುತ್ತು ನೋಡೋಣ ಅಂದೆ. "ನನ್ನ ಗುಂಡು ತಪ್ಪಿತು ಅಂದ ಮೇಲೆ ತಪ್ಪಿತು. ನಿನ್ನ ನಾಯಿ ನನ್ನ ಮೇಲೆ ಸಾಕ್ಷಿ ಹೇಳೋದು ಬೇಡ." ಅವನ ಸಂಘದಲ್ಲಿ ಅವನೇ ಮೊದಲ ಗುರಿಕಾರ. ಗಾಯಗೊಳಿಸಿದ ಎನ್ನಿಸಿಕೊಳ್ಳುವುದಕ್ಕಿಂತ ತಪ್ಪಿದ ಎನ್ನಿಸಿಕೊಳ್ಳುವುದು ಮೇಲು ಅಂದುಕೊಂಡ. ನಾನು ಮನೆಗೆ ಹೋದೆ. ವಸಂತದಲ್ಲಿ ಹಿಮ ಕರಗಿದಾಗ ಸಾರಂಗ ಸಿಕ್ಕಿತು, ಮೂಳೆ ಮಾತ್ರ. ಎರಡು ಸಂಘ ಸೇರಿದ್ದ ಕಡೆ ಅದನ್ನು ಹೇಳಿದೆ. ಆಮೇಲೆ ರಾಡೋ ನನ್ನ ಜೊತೆ ಮಾತಾಡಲಿಲ್ಲ.

ಅವನು ಕೆಟ್ಟವನಲ್ಲ. ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಅವನೂ ಒಳಗೊಳಗೇ ತಿಳಿದಿದ್ದ. ಕಲ್ಲಿನ ಮೇಲೆ ಕುಳಿತಿದ್ದ ರೀತಿಯೇ ಹೇಳುತ್ತಿತ್ತು.

ನೀವು ಕೃತಜ್ಞತೆ ಬರೆದಿದ್ದೀರಿ. ಹೇಳಬೇಕಾದವನು ನಾನು. ಪೋಡ್‌ಗೋರದಿಂದ ಯಾರಾದರೂ ಆ ಏಣು ಹತ್ತಿ ಬಂದು "ಹೊಡೆದಿದ್ದೇನೆ ಅನ್ನಿಸುತ್ತದೆ" ಎನ್ನಲಿ ಎಂದು ಎಷ್ಟು ಕಾಲದಿಂದ ಕಾಯುತ್ತಿದ್ದೆನೋ. ನೀವು ಅಂದಿರಿ. ಅದೂ ಆ ರೈಫಲ್‌ನದೇ ಗುಂಡಿಗೆ.

ದೀಕ್ಷೆ ಯಾವಾಗ?

ಲುಡ್ವಿಕ್

*

ಪೋಡ್‌ಗೋರ
10 ಡಿಸೆಂಬರ್ 1984

ಪ್ರಿಯ ಲುಡ್ವಿಕ್,

ನಿಮ್ಮ ಪತ್ರವನ್ನು ಒಂದು ವಾರ ಅಂಗಿಯ ಜೇಬಿನಲ್ಲಿಟ್ಟುಕೊಂಡು ಓಡಾಡಿದೆ. ರಾಡೋನ ಸಮಾಧಿಗೆ ಹೋಗಿ ಬಂದೆ. ಅಲ್ಲಿ ಅವರಿಗೆ ಏನು ಹೇಳಿದೆ ಎಂಬುದು ಗಂಡಹೆಂಡಿರ ವಿಚಾರ.

ದೀಕ್ಷೆ ಯಾವಾಗ ಅಂದಿರಿ. ದೀಕ್ಷೆ ಇಲ್ಲ! ನಿನ್ನೆ ಸಭೆ. ಸಿಲ್ವೋ ಮುಖ ಕೆಂಪಗೆ ಮಾಡಿಕೊಂಡು ಎದ್ದ. "ಹೆಂಗಸ್ರ ಮೇಲೆ ಕೋಲು ಎತ್ತೋದು ಚೆನ್ನಾಗಿರಲ್ಲ. ಜನ ಏನಂತಾರೆ? ಕಾಮ್ರೇಡ್ ಹೆರ್ಮಿನಾಗೆ ಹೂಗುಚ್ಛ, ಒಂದು ಪ್ರಮಾಣಪತ್ರ, ಒಂದು ಹಾಡು. ಗೌರವವಾಗಿ ಮುಗಿಸೋಣ." ಎಲ್ಲರಿಗೂ ಹಾಯೆನಿಸಿತು. ಕೈಗಳು ಮೇಲೇರತೊಡಗಿದವು.

ಆಗ ನಾನು ಎದ್ದೆ. "ಎಂಟನೇ ಮಾರ್ಚಿಗೆ, ಮಹಿಳಾ ದಿನ ಅಂತ, ಮೂವತ್ತು ವರ್ಷದಿಂದ ನನಗೆ ಕಾರ್ನೇಷನ್ ಹೂ ಕೊಡ್ತಾ ಇದೀರಿ. ಒಂದಾದ್ರೂ ನಾನು ಕೇಳಿದ್ದಾ? ಈಗ ಒಂದು ಕೇಳ್ತಿದೀನಿ. ಮೂರು ಏಟು. ಕಳೆದ ವರ್ಷ ಪೋಸ್ಟಿನ ಹುಡುಗನಿಗೆ ಮೊಲ ಹೊಡೆದಿದ್ದಕ್ಕೆ ಕೊಟ್ರಲ್ಲ, ಅವನು ಮೂರು ದಿನ ನಿಂತ್ಕೊಂಡೇ ಊಟ ಮಾಡಿದ. ನನಗೆ ಮಾತ್ರ ಹೂವಾ? ಹೂ ತಗೊಂಡು ಹೋದವಳನ್ನ ನಾಳೆ ಹಂದಿ ಬೇಟೆಗೆ ಕರೀತೀರಾ, ಇಲ್ಲಾ ಎಲೆಕೋಸು ಬಡಿಸಕ್ಕೆ ಕರೀತೀರಾ?"

ಏರಿದ್ದ ಕೈಗಳು ಇಳಿದವು. ಕೊನೆಗೆ ಬೋಲ್ತೆ, ಹೌದು ಬೋಲ್ತೆ, ಬೂಟು ನೋಡುತ್ತ ಹೇಳಿದ: "ನಿಯಮದಲ್ಲಿ ಗಂಡಸು ಅಂತ ಬರ್ದಿಲ್ಲ ಅಧ್ಯಕ್ಷರೇ. ಬೇಟೆಗಾರ ಅಂತ ಇದೆ." ಸಿಲ್ವೋ ಕುಳಿತುಬಿಟ್ಟ. ಇಪ್ಪತ್ತಮೂರರ ಭಾನುವಾರ, ಹಂದಿ ಬೇಟೆ ಮುಗಿದ ಮೇಲೆ, ದೀಕ್ಷೆ.

ಆರೋಪ ಹೊರಿಸುವವರು ಬೇಕು. ನಮ್ಮವರು ಟೋಪಿ ಸೊಟ್ಟ ಇತ್ತು, ಅಟ್ಟಣೆಯ ಮೇಲೆ ಸೀನಿದಳು ಎಂದು ತಮಾಷೆ ಮಾಡಿ ಮುಗಿಸುತ್ತಾರೆ. ನನ್ನ ನಿಜವಾದ ತಪ್ಪು ಗೊತ್ತಿರುವವರು ನೀವೊಬ್ಬರೇ. ನೀವು ಬಂದು ಹೊರಿಸಬೇಕು. ಅದನ್ನೂ ಹೇಳದೆ ಏಟು ತಿಂದರೆ ಅದೂ ಒಂದು ಹೂಗುಚ್ಛವೇ.

ಬರುತ್ತೀರಾ?

ನಿಮ್ಮ
ಹೆರ್ಮಿನಾ

*

ರೆಬೆರ್
14 ಡಿಸೆಂಬರ್ 1984

ಹೆರ್ಮಿನಾ,

ಬರುತ್ತೇನೆ. ಎರಡು ಕೆನ್ನೆಯನ್ನೂ ಬೋಳಿಸಿಕೊಂಡು.

ಆದರೆ ಕರುಣೆ ತೋರಿಸುವುದಿಲ್ಲ.

ಲುಡ್ವಿಕ್

*

ಪೋಡ್‌ಗೋರ
5 ಜನವರಿ 1985

ಪ್ರಿಯ ಲುಡ್ವಿಕ್,

ಹೊಸ ವರ್ಷ ಒಳ್ಳೆಯದಾಗಲಿ. ಇಷ್ಟು ತಡವಾಗಿ ಬರೆಯಲು ಕಾರಣ, ಪತ್ರ ಬರೆಯಲು ಕುಳಿತುಕೊಳ್ಳಬೇಕಲ್ಲ.

ಅಂದು ನೀವು ಕತ್ತಲಾಗುವ ಮುಂಚೆ ಹೊರಟಿರಿ. ಗುಡಿಸಲಿನ ಒಳಗೆ ನಡೆದ ಮಾತು ನಿಮಗೆ ತಿಳಿಯದು, ಅದಕ್ಕೇ ಬರೆಯುತ್ತಿದ್ದೇನೆ.

ಅದಕ್ಕೂ ಮುಂಚೆ ಹೊರಗೆ ಬೆಂಕಿಯ ಪಕ್ಕ ನೀವೇ ಕಂಡದ್ದನ್ನೂ ಬರೆಯದೆ ಇರಲಾರೆ. ನೀವು ಮೊದಲು ಟೋಪಿಯ ಬಗ್ಗೆ, ಸೀನಿನ ಬಗ್ಗೆ ಹೇಳಿ ನಗಿಸಿದಿರಿ. ಆಮೇಲೆ ಕನ್ನಡಕ ತೆಗೆದು ಹೇಳಿದಿರಿ: "ಕೊನೆಯ ಆರೋಪ. ಈಕೆ ಗುಂಡಿನ ತೂಕವನ್ನು ಪ್ರಾಣಿ ನೋಡಿ ಆರಿಸಲಿಲ್ಲ, ಒಬ್ಬ ಮನುಷ್ಯನ ಮೇಲಿನ ಸಿಟ್ಟಿನಿಂದ ಆರಿಸಿದಳು. ಆ ಸಿಟ್ಟಿನ ಬೆಲೆಯನ್ನು ಆ ಮುದಿ ಜಿಂಕೆ ಕಾಡಿನುದ್ದಕ್ಕೂ ಓಡಿ ತೆತ್ತಿತು." ಯಾರೂ ನಗಲಿಲ್ಲ. ನನ್ನ ಐವತ್ತೆಂಟು ವರ್ಷದಲ್ಲಿ ನನ್ನ ಬಗ್ಗೆ ಇಷ್ಟು ನಿಜವಾದ ಮಾತನ್ನು ಇಷ್ಟು ಜನರ ಮುಂದೆ ಯಾರೂ ಆಡಿರಲಿಲ್ಲ. ನನಗೆ ಅವಮಾನವಾಗಲಿಲ್ಲ, ಲುಡ್ವಿಕ್. ಯಾರೋ ಬೆನ್ನಿನ ಮೇಲಿಂದ ಪೆಟ್ಟಿಗೆ ಇಳಿಸಿದ ಹಾಗಾಯಿತು.

ಆಮೇಲೆ ಬೋಲ್ತೆ, ನನ್ನ ವಕೀಲ! "ಡಾಕ್ಟ್ರು ಹೇಳಿದ್ದು ಸರಿ. ಆದ್ರೆ ತಪ್ಪಿತು ಅಂದೋನು ನಾನು. ಹೆರ್ಮಿನಕ್ಕ ತಪ್ಪಿಲ್ಲ ಅಂದ್ರು. ಅವರು ಏಣು ಹತ್ತದಿದ್ರೆ ಅದು ಇನ್ನೂ ಅಲ್ಲೇ ಇರೋದು, ನರಿ ತಿಂತಿರೋದು. ನಾನು ಸಾರಾಯಿ ಕುಡೀತಿದ್ದೆ." ಅಷ್ಟು ಉದ್ದ ಅವನು ಮಾತಾಡಿದ್ದನ್ನು ಅವನ ಹೆಂಡತಿಯೂ ಕೇಳಿರಲಿಕ್ಕಿಲ್ಲ.

ಅಂದು ಹೊಡೆದ ಹಂದಿಯ ಮೇಲೆ ನಾನು ಬೋರಲು ಮಲಗಿದೆ. ಪ್ರತಿ ಏಟಿಗೂ ಕೃತಜ್ಞತೆ ಹೇಳಬೇಕೆಂಬುದು ಕಟ್ಟಳೆ. ಮೊದಲನೆಯದು ಪ್ರಾಣಿಯ ಹೆಸರಿನಲ್ಲಿ. ಸಿಲ್ವೋ ಕೋಲನ್ನು ಹೇಗೆ ಮುಟ್ಟಿಸಿದನೆಂದು ನೀವು ನೋಡಿದಿರಿ, ಹಾಸಿಗೆಯ ಧೂಳು ಕೊಡವಿದ ಹಾಗೆ. ನಾನು ತಲೆ ತಿರುಗಿಸಿ, "ಸಿಲ್ವೋ, ಇದೂ ರಿಬ್ಬನ್ ಕಟ್ಟಿದ್ದೇನಾ?" ಅಂದೆ. ಆಗ ನಕ್ಕರು ನೋಡಿ, ಸಿಲ್ವೋನೇ ಮೊದಲು ನಕ್ಕ. ಕಣ್ಣು ಒರೆಸಿಕೊಂಡು, "ಕ್ಷಮಿಸಿ, ಅದು ಲೆಕ್ಕಕ್ಕಿಲ್ಲ," ಎಂದು ಮತ್ತೆ ಮೊದಲಿನಿಂದ ಶುರು ಮಾಡಿದ. ಮೂರೂ ಏಟು, ದೇವರೇ! ಮೂರಕ್ಕೂ ಕೃತಜ್ಞತೆ ಹೇಳಿದೆ. ಜೀವನವಿಡೀ ಕಚೇರಿಗಳಲ್ಲಿ, ಸಭೆಗಳಲ್ಲಿ ಹಲ್ಲು ಕಚ್ಚಿಕೊಂಡು ಹೇಳಿದ ಮಾತು ಅದು. ಆ ದಿನ ಹಲ್ಲಿಗೆ ಕೆಲಸವಿರಲಿಲ್ಲ.

ನೀವು ಹೋದ ಮೇಲೆ ಸಿಲ್ವೋ ನನ್ನ ಪಕ್ಕ ಬಂದು ನಿಂತ. ನಾನೂ ನಿಂತೇ ಇದ್ದೆ. "ಆ ಒಂಬತ್ತು ಗ್ರಾಂ ಡಬ್ಬಿ ನಿಜವಾಗ್ಲೂ ಜಿಂಕೆಗೆ ಒಳ್ಳೇದು ಹೆರ್ಮಿನಾ. ನಾನು ಹೇಳಿದ ರೀತಿ ಸರಿ ಇರ್ಲಿಲ್ಲ." "ಗೊತ್ತು," ಅಂದೆ, "ಡಾಕ್ಟ್ರು ಸೆಪ್ಟೆಂಬರ್‌ನಲ್ಲೇ ಹೇಳಿದ್ರು. ನಾನು ಕೇಳೋ ರೀತಿ ಸರಿ ಇರ್ಲಿಲ್ಲ." ಅವನ ಬಾಯಲ್ಲಿ ನನ್ನ ಹೆಸರಿನ ಹಿಂದಿನ 'ಕಾಮ್ರೇಡ್' ಬಿದ್ದುಹೋದದ್ದು ಮನೆಗೆ ಬಂದ ಮೇಲೆ ಹೊಳೆಯಿತು.

ನಿಮಗೆ ಹೇಗೆ ಕೃತಜ್ಞತೆ ಹೇಳುವುದೋ ತಿಳಿಯುತ್ತಿಲ್ಲ. ನೀವು ಕರುಣೆ ತೋರಿಸಲಿಲ್ಲ, ಅದು ದೊಡ್ಡದು. ರಾಡೋಗೂ ಯಾರಾದರೂ ಹೀಗೆ ನಗುನಗುತ್ತ ಮೂರು ಏಟು ಕೊಟ್ಟು ಮುಗಿಸಿದ್ದರೆ ಚೆನ್ನಾಗಿತ್ತು ಎಂದು ಒಮ್ಮೊಮ್ಮೆ ಅನ್ನಿಸುತ್ತದೆ.

ಈಗ ನಿಲ್ಲಿಸುತ್ತೇನೆ. ನಾಳೆ ಏಣಿನ ಕೆಳಗೆ ಹಂದಿ ಬೇಟೆ. ಭಾರದ ತೋಟಾ ಐದು ತೆಗೆದು ಮೇಜಿನ ಮೇಲಿಟ್ಟಿದ್ದೇನೆ, ಈ ಸಲ ಹಂದಿ ನೋಡಿಯೇ. ಸಂಜೆ ಬೋಲ್ತೆ ಬಂದು ಬೂಟಿನ ಹಿಮ ಹೊಸ್ತಿಲಿಗೆ ಬಡಿಯುತ್ತ, ಎಲ್ಲ ಬೇಟೆಗಾರರ ಮನೆಯಲ್ಲೂ ಕೇಳುವ ಪ್ರಶ್ನೆಯನ್ನೇ ಕೇಳಿದ.

"ಹೆರ್ಮಿನಕ್ಕ, ನಾಳೆ ಎಲ್ಲಿ ನಿಲ್ತೀರಾ?"

"ತೊರೆ ದಾಟೋ ಕಡೆ," ಅಂದೆ.

"ಸರಿ," ಎಂದು ಪಕ್ಕದ ಮನೆಗೆ ಹೋದ.

ನಿಮ್ಮ
ಹೆರ್ಮಿನಾ